ಅಕ್ಬರನ ಪರ ಮುಕ್ತಾ

ಎದುರು ಕೂತ ದಿನ ಒಂದು ಮಾತೂ ಬಿಟ್ಟುಕೊಡುವುದಿಲ್ಲ ಎಂದು ಮಧ್ವರಾಜ ತನ್ನ ಹೆಂಡತಿ ಮುಕ್ತಾಳಿಗೆ ಮಾತು ಕೊಟ್ಟದ್ದು ತೊಂಬತ್ತನಾಲ್ಕನೆಯ ಇಸವಿಯಲ್ಲಿ, ಮದುವೆಯಾದ ಎಂಟು ತಿಂಗಳಿಗೆ, ಡೊಂಬಿವಲಿ ಎಂಐಡಿಸಿ ಕಾರ್ಖಾನೆಗಳ ಹತ್ತಿರದ ಒಂದು ಕೋಣೆಯ ಬಾಡಿಗೆ ಮನೆಯಲ್ಲಿ.

ಮಧ್ವರಾಜನಿಗೆ ತಾಳಮದ್ದಳೆಯ ಹುಚ್ಚು. ವಾರದ ಆರು ದಿನ ಹೋಟೆಲಿನ ಗಲ್ಲಾದಲ್ಲಿ ಇಡ್ಲಿ-ವಡೆಯ ಬಿಲ್ಲು ಹರಿಯುವವನು ಏಳನೆಯ ದಿನ ಕನ್ನಡ ಸಂಘದ ಹಾಲಿನಲ್ಲಿ ಕರ್ಣನಾಗುತ್ತಿದ್ದ, ವಾಲಿಯಾಗುತ್ತಿದ್ದ. ವೇಷವಿಲ್ಲ, ಕುಣಿತವಿಲ್ಲ. ಭಾಗವತರು ಒಂದು ಪದ್ಯ ಹಾಡಿದರೆ ಪಂಚೆ ಉಟ್ಟು ಎದುರುಬದುರು ಕೂತ ಇಬ್ಬರು ಅರ್ಥಧಾರಿಗಳು ಅದರ ಅರ್ಥವನ್ನು ಆಗಿಂದಾಗ ಹುಟ್ಟಿಸಿ ವಾದಿಸಬೇಕು. ಬಾಯಿಪಾಠ ನಡೆಯುವುದಿಲ್ಲ. ಮಾತಿಗೆ ಮಾತು ಹುಟ್ಟದವನು ಸೋತ ಹಾಗೆ.

ಮನೆಯಲ್ಲಿ ಅಭ್ಯಾಸಕ್ಕೆ ಎದುರಾಳಿ ಬೇಕಲ್ಲ, ಮುಕ್ತಾ ಕೂರುತ್ತಿದ್ದಳು. ಉಡುಪಿಯ ತವರಿನಲ್ಲಿ ಚಾವಡಿಯ ತಾಳಮದ್ದಳೆಯನ್ನು ಒಳಕೋಣೆಯ ಬಾಗಿಲ ಸಂದಿನಿಂದ ಕೇಳಿ ಬೆಳೆದವಳು ಅವಳು. ಅಕ್ಕಿ ಆರಿಸುತ್ತ ಕೃಷ್ಣನ ಮಾತು ಹೇಳುತ್ತಿದ್ದಳು. ಅದೂ ಎಂಥ ಮಾತು! ಮಧ್ವರಾಜ ಎರಡು ಸುತ್ತು ಮಾತಾಡಿ, ಮೂರನೆಯ ಸುತ್ತಿಗೆ ನಗುತ್ತ ಕೈ ಎತ್ತುತ್ತಿದ್ದ.

"ಆಯ್ತು ಮಾರಾಯ್ತಿ, ನೀನೇ ಗೆದ್ದೆ. ಇನ್ನು ಚಾ ಮಾಡು."

ಐದಾರು ಸಲ ಹೀಗಾದ ಮೇಲೆ ಒಂದು ದಿನ ಮುಕ್ತಾ ಅಕ್ಕಿಯ ಮೊರವನ್ನು ನೆಲಕ್ಕೆ ಕುಕ್ಕಿದಳು. "ನನಗೆ ಸೋತುಕೊಡ್ಲಿಕ್ಕೆ ನಾನೇನು ಕೇರಂ ಆಡುವ ಮಗುವಾ? ಸಭೆಯಲ್ಲಾದರೆ ಹೀಗೆ ಮಾಡ್ತೀರಾ?"

ಅವಳ ಕಣ್ಣಲ್ಲಿ ನೀರು ಕಂಡು ಮಧ್ವರಾಜ ಗಾಬರಿಯಾದ. ಆಗ ಆಡಿದ ಮಾತು ಅದು. "ಒಂದು ದಿನ ಸಭೆಯಲ್ಲೇ ನಿನ್ನ ಎದುರು ಕೂರ್ತೇನೆ ಮುಕ್ತಾ. ಕೂತ ದಿನ ಒಂದು ಮಾತೂ ಬಿಟ್ಟುಕೊಡುವುದಿಲ್ಲ."

ಅದಾದ ಮೇಲೆ ಹತ್ತೊಂಬತ್ತು ವರ್ಷ ಹೋಯಿತು. ಮಗಳು ಸಂಜನಾ ಹುಟ್ಟಿದಳು, ಒಂದು ಕೋಣೆ ಹೋಗಿ ಸ್ವಂತದ ಎರಡು ಕೋಣೆಯ ಫ್ಲ್ಯಾಟು ಬಂತು, ಮ್ಯಾನೇಜರ್ ಆಗಿದ್ದ ಮಧ್ವರಾಜ ಕಾರ್ಖಾನೆಗಳ ಸಾಲಿನಲ್ಲಿ ತನ್ನದೇ ಪುಟ್ಟ ಹೋಟೆಲು ತೆರೆದ. ಮುಕ್ತಾ ಕೋಪರಖೈರಣೆಯ ಒಂದು ಟ್ರಾನ್ಸ್‌ಪೋರ್ಟ್ ಕಂಪನಿಯ ಆಫೀಸಿಗೆ ಹೋಗತೊಡಗಿದಳು. ಸಂಘದ ತಾಳಮದ್ದಳೆಯಲ್ಲಿ ಹೆಂಗಸರ ಪಾತ್ರವನ್ನೂ ಗಂಡಸರೇ ಹೇಳುವ ರೂಢಿ ಮಾತ್ರ ಹಾಗೇ ಇತ್ತು. ಹೆಂಗಸರಿಗೆ ರಂಗೋಲಿ ಸ್ಪರ್ಧೆ, ಅರಿಶಿನ ಕುಂಕುಮ, ಕೊನೆಗೆ ಉಪ್ಪಿಟ್ಟಿನ ಉಸ್ತುವಾರಿ.

ಎರಡು ಸಾವಿರದ ಹದಿಮೂರರಲ್ಲಿ ಸಂಘಕ್ಕೆ ಇಪ್ಪತ್ತೈದು ತುಂಬಿತು. ಟಿಟ್ವಾಳಾದ ಮಾಪಣ್ಣ ಭಾಗವತರು, ಅಂಚೆ ಇಲಾಖೆಯಿಂದ ನಿವೃತ್ತರಾದವರು, ಅದಕ್ಕೆಂದೇ ಹೊಸ ಪ್ರಸಂಗ ಬರೆದರು. ಪುರಾಣದ್ದಲ್ಲ. ಅಕ್ಬರ್ ಬಾದಶಾಹ ಮತ್ತು ಅಂಬರ್ ದೇಶದ ರಾಜಕುಮಾರಿಯ ಕಥೆ. ಸಾಂಭರದ ಬಿಡಾರದಲ್ಲಿ ಮದುವೆ, ಇಪ್ಪತ್ತು ವರ್ಷ ಕಳೆದ ಮೇಲೆ ರಾಣಿ ಬಾದಶಾಹನ ಎದುರು ಕೂತು, ನನಗೂ ನನ್ನಂಥವರಿಗೂ ನೀನು ಮಾಡಿದ್ದು ನ್ಯಾಯವೇ ಎಂದು ಕೇಳುವುದು. ಟಿವಿಯಲ್ಲಿ ಆಗ ಇದೇ ಬಾದಶಾಹನ ಧಾರಾವಾಹಿ ನಡೆಯುತ್ತಿತ್ತು. ಡೊಂಬಿವಲಿಯ ಅಡುಗೆಮನೆಗಳಲ್ಲೆಲ್ಲ ಅದೇ ಮಾತು. ಮಾಪಣ್ಣನವರು ಕಾಲ ನೋಡಿಯೇ ಬಾಣ ಬಿಟ್ಟಿದ್ದರು.

ಅಕ್ಬರನಾಗಿ ಮಧ್ವರಾಜ, ರಾಣಿಯಾಗಿ ಸಂಘದ ಕಾರ್ಯದರ್ಶಿ ಭುಜಂಗ ಎಂದು ನಿರ್ಧಾರವಾಗಿತ್ತು. ಕಾರ್ಯಕ್ರಮಕ್ಕೆ ಹನ್ನೊಂದು ದಿನ ಇರುವಾಗ ಗಣಪತಿ ವಿಸರ್ಜನೆ ಬಂತು. ಭುಜಂಗ ಟ್ರಕ್ಕಿನ ಮೇಲೆ ನಿಂತು ಆರು ತಾಸು ಮೋರ್ಯಾ ಮೋರ್ಯಾ ಎಂದು ಕೂಗಿ ಮರುದಿನ ಎದ್ದರೆ ಗಂಟಲಿನಿಂದ ಗಾಳಿ ಬಿಟ್ಟು ಬೇರೇನೂ ಹೊರಡಲಿಲ್ಲ. ಡಾಕ್ಟರರು ಮೂರು ವಾರ ಮೌನ ಎಂದರು.

ಅಂದು ಸಂಜೆ ಮಧ್ವರಾಜ, ಮಾಪಣ್ಣ, ಭುಜಂಗ ಮೂವರೂ ಮುಕ್ತಾಳ ಮನೆಯಲ್ಲಿ ತಲೆಗೆ ಕೈ ಕೊಟ್ಟು ಕೂತಿದ್ದರು. ಮುಕ್ತಾ ಚಾ ತಂದಿಟ್ಟು, ಟ್ರೇ ಎದೆಗೆ ಹಿಡಿದು ನಿಂತಳು.

"ನಾನು ಕೂರ್ತೇನೆ."

ಭುಜಂಗ ಜೇಬಿನಿಂದ ಚೀಟಿ ತೆಗೆದು ಏನೋ ಗೀಚಿದ. ಮಾಪಣ್ಣ ಓದಿ ಹೇಳಿದರು. "ಇದುವರೆಗೆ ಹೆಂಗಸರು ಕೂತದ್ದಿಲ್ಲ ಅಂತ ಬರ್ದಿದ್ದಾರೆ."

"ಇದುವರೆಗೆ ಕಾರ್ಯದರ್ಶಿಗಳ ಗಂಟಲು ಕೂತದ್ದೂ ಇಲ್ಲ," ಎಂದಳು ಮುಕ್ತಾ. ಆಮೇಲೆ ಗಂಡನ ಕಡೆ ತಿರುಗಿದಳು. "ನಿಮಗೆ ನೆನಪುಂಟಾ?"

ಮಧ್ವರಾಜ ಚಾದ ಲೋಟವನ್ನೇ ನೋಡುತ್ತಿದ್ದ. ನೆನಪಿತ್ತು. ಹತ್ತೊಂಬತ್ತು ವರ್ಷವೂ ನೆನಪಿತ್ತು ಎಂಬುದು ಅವನ ಕಿವಿ ಕೆಂಪಾದದ್ದರಲ್ಲೇ ಗೊತ್ತಾಯಿತು.

"ಆಗ್ತದೆ," ಎಂದ. "ಆದರೆ ನೀನು ರಾಣಿಯಾಗುವುದು ಬೇಡ. ನೀನು ಅಕ್ಬರ್. ರಾಣಿ ನಾನು."

"ಎಂಥ?"

"ನೀನು ರಾಣಿಯಾಗಿ ಕೂತು ಬಾದಶಾಹನನ್ನು ಬೈದರೆ, ಹೆಂಗಸು ಧೈರ್ಯ ಮಾಡಿದಳು ಅಂತ ಜನ ಚಪ್ಪಾಳೆ ಹೊಡೀತಾರೆ. ಅದು ಜನ ಸೇರಿ ನಿನಗೆ ಸೋತುಕೊಟ್ಟ ಹಾಗೆ. ಅದು ನಿನಗೆ ಬೇಡ ಅಲ್ವಾ?"

ಮುಕ್ತಾಳಿಗೆ ಸಿಟ್ಟೂ ಬಂತು, ಸಂತೋಷವೂ ಆಯಿತು. ಯಾವುದು ಮೊದಲು ಬಂದದ್ದು ಎಂದು ಅವಳಿಗೇ ಗೊತ್ತಾಗಲಿಲ್ಲ. "ಮುನ್ನೂರಕ್ಕೂ ಹೆಚ್ಚು ಹೆಂಡಿರಿದ್ದವನ ವಕೀಲಿ ನನಗೆ?"

"ಹೌದು. ಆ ಮುನ್ನೂರರ ವಕೀಲಿ ನನಗೆ."

ಭುಜಂಗ ಮತ್ತೊಂದು ಚೀಟಿ ಗೀಚಿದ. ಅಕ್ಬರನ ಕೈಯಲ್ಲಿ ಬಳೆ ಸದ್ದು ಮಾಡಿದರೆ ಹೇಗೆ, ಎಂದಿತ್ತು ಅದರಲ್ಲಿ.

"ರಾಣಿಗೆ ಮೀಸೆ ಇದ್ದರೆ ಹೇಗೋ ಹಾಗೆ," ಎಂದಳು ಮುಕ್ತಾ. ಮಾಪಣ್ಣ ಬಾಯಲ್ಲಿದ್ದ ಚಾವನ್ನು ನುಂಗಲಾರದೆ, ಉಗುಳಲಾರದೆ ಕಿಟಕಿಯ ಕಡೆ ಓಡಿದರು.

ಎದುರಾಳಿಗಳು ತಮ್ಮ ತಮ್ಮ ಪ್ರಶ್ನೆಗಳನ್ನು ಮೊದಲೇ ಹೇಳಿಕೊಳ್ಳಬಾರದು. ಆದರೆ ಈ ಎದುರಾಳಿಗಳು ಒಂದೇ ಮನೆಯಲ್ಲಿದ್ದರು, ಒಂದೇ ಕುಕ್ಕರಿನ ಅನ್ನ ಉಣ್ಣುತ್ತಿದ್ದರು. ಹತ್ತು ದಿನ ಮನೆಯಲ್ಲಿ ಮೊಗಲರ ಸುದ್ದಿ ನಿಷಿದ್ಧವಾಯಿತು. ಮಧ್ವರಾಜ ಹೋಟೆಲಿನ ಅಟ್ಟದಲ್ಲಿ ಕೂತು ಓದಿದ. ಮುಕ್ತಾಳಿಗೆ ಓದಿ ಹೇಳಿದವಳು ಸಂಜನಾ. ಹತ್ತನೇ ಕ್ಲಾಸಿನ ಆ ಹುಡುಗಿಗೆ ಕನ್ನಡ ಅರ್ಥವಾಗುತ್ತದೆ, ಉತ್ತರ ಮಾತ್ರ ಹಿಂದಿಯಲ್ಲೇ ಬರುತ್ತದೆ. ಕಂಪ್ಯೂಟರಿನಲ್ಲಿ, ಲೈಬ್ರರಿಯ ದಪ್ಪ ಇಂಗ್ಲಿಷ್ ಪುಸ್ತಕಗಳಲ್ಲಿ ಹುಡುಕಿ ತಂದು ಒಪ್ಪಿಸುತ್ತಿದ್ದಳು.

"ಮಮ್ಮಿ, ಯೇ ಆದ್ಮೀ ಕನ್‌ಫ್ಯೂಸಿಂಗ್ ಹೈ. ಏಕ್ ಪೇಜ್ ಪೆ ಅಚ್ಛಾ, ದೂಸ್ರೇ ಪೇಜ್ ಪೆ ಏಕ್‌ದಮ್ ಬೇಕಾರ್."

"ಎರಡೂ ಪೇಜು ಓದು. ಒಂದೇ ಓದಿದರೆ ನಿನ್ನಪ್ಪ ನನ್ನನ್ನು ಹುರಿದು ತಿಂತಾರೆ."

ಮಧ್ವರಾಜ ಮಗಳಿಗೆ ಗೋಬಿ ಮಂಚೂರಿಯ ಆಸೆ ತೋರಿಸಿ ಒಳಗಿನ ಸುದ್ದಿ ಕೇಳಿದನಂತೆ. ಮಂಚೂರಿ ತಿಂದಳು, ಸುದ್ದಿ ಹೇಳಲಿಲ್ಲ.

ಓದಿದ್ದೆಲ್ಲ ಮುಕ್ತಾಳ ತಲೆಯಲ್ಲಿ ಗಂಟು ಬಿದ್ದಿತ್ತು. ಅದು ಬಿಡಿಸಿಕೊಂಡದ್ದು ವಾಶಿಯಿಂದ ಠಾಣೆಗೆ ಬರುವ ಸಂಜೆಯ ಲೋಕಲ್ ರೈಲಿನ ಲೇಡೀಸ್ ಡಬ್ಬಿಯಲ್ಲಿ. ವಾಶಿಯಲ್ಲಿ ಹತ್ತಿದ ಬಾಗಿ ಅವಳಿಗೆ ದಿನಾ ಸೀಟು ಹಿಡಿದಿಟ್ಟಿರುತ್ತಿದ್ದಳು. ಬಾಗಿ ಬಾಗಲಕೋಟೆ ಕಡೆಯವಳು, ಸಗಟು ಮಾರುಕಟ್ಟೆಯ ಈರುಳ್ಳಿ ಅಂಗಡಿಯೊಂದರಲ್ಲಿ ಮಾಲು ವಿಂಗಡಿಸುವವಳು. ಸುತ್ತ ಕೂತವರು ಮಡಿಲಲ್ಲಿ ಬಟಾಣಿ ಸುಲಿಯುತ್ತ, ಮೆಂತ್ಯ ಬಿಡಿಸುತ್ತ ಮುಕ್ತಾಳ ಮೊಕದ್ದಮೆಯನ್ನು ತಮ್ಮದೇ ಮಾಡಿಕೊಂಡಿದ್ದರು.

"ಅಲ್ಲ ಮುಕ್ತಕ್ಕ, ಐದು ಸಾವಿರ ಹೆಂಗಸ್ರನ್ನ ಅರಮನಿ ಜನಾನಾದಾಗ ಕೂಡಿಹಾಕಿದ್ನಂತಲ್ಲ ಆ ಮನಷ್ಯಾ. ಅವಂದೇನು ವಕೀಲಿ ಮಾಡ್ತಿ?"

"ಐದು ಸಾವಿರ ಹೆಂಡಿರಲ್ಲ ಬಾಗಿ. ತಾಯಿ, ಅತ್ತೆಯಂದಿರು, ಸಾಕಿದವರು, ಅಡುಗೆಯವರು, ದಾಸಿಯರು, ಕಾವಲಿನ ಹೆಂಗಸರು, ಲೆಕ್ಕ ಬರೆಯುವವರು ಎಲ್ಲ ಸೇರಿ."

"ಹಂಗಾದ್ರ ಈ ಡಬ್ಬೀನೂ ಜನಾನಾನ ಅನ್ನು. ಇಲ್ಲೂ ಅಷ್ಟ ಮಂದಿ ಅದೀವಿ, ಹೊರಗ ಹೋಗಾಕೂ ದಾರಿ ಇಲ್ಲ."

ಡಬ್ಬಿಯೆಲ್ಲ ನಕ್ಕಿತು. ಎದುರಿನ ಮರಾಠಿ ಹೆಂಗಸೊಬ್ಬಳು, ಏನಂದಳು ಏನಂದಳು ಎಂದು ಕೇಳಿ, ಅರ್ಥ ತಿಳಿದು ತಾನೂ ಒಂದು ಸುತ್ತು ತಡವಾಗಿ ನಕ್ಕಳು.

"ನನಗೆ ಅದೇ ಕಷ್ಟ," ಎಂದಳು ಮುಕ್ತಾ. "ಒಳ್ಳೆಯವ ಅಂದರೆ ಸುಳ್ಳಾಗ್ತದೆ. ಕೆಟ್ಟವ ಅಂದರೂ ಸುಳ್ಳಾಗ್ತದೆ."

ಬಾಗಿ ಸೀರೆಯ ಸೆರಗಿಗೆ ಕೈ ಒರೆಸಿಕೊಂಡಳು. "ನೋಡವಾ, ಉಳ್ಳಾಗಡ್ಡಿ ಚೀಲ ಬಂದ್ರ ಮ್ಯಾಲಿಂದ ನೋಡಿ ರೇಟ್ ಹೇಳಾಂಗಿಲ್ಲ. ಪೂರಾ ನೆಲಕ್ಕ ಸುರೀಬೇಕು. ಸುರಿದು ಮೂರು ಗುಂಪಿ ಮಾಡಬೇಕು. ಆ ವರ್ಷ ಎಲ್ಲಾರ ಹೊಲದಾಗೂ ಬೆಳೆದಂಥಾದ್ದು ಒಂದು ಗುಂಪಿ. ಇವನ ಹೊಲದಾಗಷ್ಟ ಕೊಳತದ್ದು ಒಂದು. ಇವನ ಹೊಲದಾಗಷ್ಟ ಚಲೋ ಬಂದದ್ದು ಒಂದು. ಆಮ್ಯಾಲ ತೂಗು. ಎಲ್ಲಾರ ಹೊಲದ ಮಾಲಿಗೆ ಇವನೊಬ್ಬನ್ನ ಬೈಬ್ಯಾಡ, ಹೊಗಳಲೂ ಬ್ಯಾಡ."

ಘನಸೋಲಿಯಿಂದ ಠಾಣೆಯವರೆಗೆ ಗುಂಪಿ ಹಾಕುವ ಕೆಲಸ ನಡೆಯಿತು. ರಾಜ್ಯಕ್ಕಾಗಿ ಮದುವೆ, ಮದುವೆಯ ಮೇಲೆ ಮದುವೆ: ಅದು ಎಲ್ಲ ಅರಸರ ಹೊಲದ ಬೆಳೆ, ರಜಪೂತರೂ ಹಾಗೇ ಮಾಡುತ್ತಿದ್ದರು. ಆಗ್ರಾದಲ್ಲಿ ಗಂಡನಿದ್ದ ಹೆಣ್ಣನ್ನು ಕಂಡು ಬಯಸಿ, ಆ ಗಂಡ ಅವಳನ್ನು ಬಿಟ್ಟುಬಿಡುವಂತೆ ಆದದ್ದು: ಕೊಳೆತದ್ದು, ಕೊಳೆತದ್ದು ಎಂದು ಇಡೀ ಡಬ್ಬಿ ಕೂಗಿತು. ಸೋತ ಸೈನಿಕರ ಹೆಂಡತಿ ಮಕ್ಕಳನ್ನು ಗುಲಾಮರಾಗಿ ಹಿಡಿಯಬಾರದು ಎಂದು ಆಜ್ಞೆ ಮಾಡಿದ್ದು, ರಜಪೂತ ರಾಣಿಯರು ಅರಮನೆಯೊಳಗೇ ತಮ್ಮ ದೇವರ ಪೂಜೆ ಮಾಡಬಹುದು ಎಂದದ್ದು, ಬಲವಂತದಿಂದ ಚಿತೆಗೆ ತಳ್ಳುತ್ತಿದ್ದ ವಿಧವೆಯನ್ನು ಬಿಡಿಸಲು ತಾನೇ ಕುದುರೆ ಏರಿ ಓಡಿದ್ದು, ಹೆಣ್ಣಿಗೆ ಹದಿನಾಲ್ಕು ತುಂಬದೆ ಮದುವೆ ಬೇಡ ಎಂದದ್ದು: ಇವೆಲ್ಲ ಮೂರನೆಯ ಗುಂಪಿಗೆ ಹೋದವು. ಹದಿನಾಲ್ಕು ಎಂದಾಗ ಹೆರಳು ಹಾಕಿದ ಹುಡುಗಿಯೊಬ್ಬಳು, "ಛೀ, ಹದಿನಾಲ್ಕಾ?" ಎಂದಳು. "ನಮ್ಮವ್ವಂದು ಹನ್ನೆರಡಕ್ಕಾಗಿತ್ತು, ಅದೂ ಮನ್ನೆ ಮನ್ನೆ," ಎಂದಳು ಬಾಗಿ.

ಠಾಣೆಯಲ್ಲಿ ಇಳಿಯುವಾಗ ಮುಕ್ತಾಳ ಎದೆ ಹಗುರವಾಗಿತ್ತು. ಒಂದೇ ಒಂದು ಭಯ ಉಳಿದಿತ್ತು, ಅದು ಬಾದಶಾಹನದ್ದಲ್ಲ. ಎದುರು ಕೂತ ಗಂಡ ಎಲ್ಲೋ ಒಂದು ಕಡೆ, ಪಾಪ ಹೆಂಡತಿ, ಸಭೆಯ ಎದುರು ತಡವರಿಸಬಾರದು ಎಂದು, ಹಳೆಯ ನಗು ನಕ್ಕು ಕೈ ಎತ್ತಿಬಿಟ್ಟರೆ? ಸೋತರೆ ಸೋಲಲಿ, ಅದಕ್ಕೆ ಅವಳು ತಯಾರಿದ್ದಳು. ಗೆಲ್ಲಿಸಲ್ಪಟ್ಟರೆ ಮಾತ್ರ ಅವಳಿಗೆ ಇನ್ನು ಯಾವ ಸಭೆಯೂ ಬೇಡ.

ಭಾನುವಾರ ಮಧ್ಯಾಹ್ನ ಮೂರಕ್ಕೆ ಹಾಲು ತುಂಬಿತು. ಗೋಡೆಗೆ ಒರಗಿ ನಿಂತವರೂ ಇದ್ದರು. ಹೆಂಗಸರ ಕಡೆ ಮೂರನೆಯ ಸಾಲಿನಲ್ಲಿ ಬಾಗಿ, ಪಕ್ಕದಲ್ಲಿ ಲೋಕಲಿನ ನಾಲ್ವರು. ಅವರಲ್ಲಿ ಇಬ್ಬರಿಗೆ ಕನ್ನಡವೇ ಬಾರದು. ಮುಂದಿನ ಸಾಲಿನಲ್ಲಿ ಕತ್ತಿಗೆ ಮಫ್ಲರ್ ಸುತ್ತಿದ ಭುಜಂಗ. ವೇದಿಕೆಯ ಜಮಖಾನದ ಮೇಲೆ ನಡುವೆ ಜಾಗಟೆ ಹಿಡಿದ ಮಾಪಣ್ಣ, ಎಡಕ್ಕೆ ಮುಕ್ತಾ, ಬಲಕ್ಕೆ ಮಧ್ವರಾಜ. ಅವನು ಮೀಸೆ ತೆಗೆದಿರಲಿಲ್ಲ, ಅವಳು ಬಳೆ ತೆಗೆದಿರಲಿಲ್ಲ.

ಮಾಪಣ್ಣ ಹಾಡಿದರು. ಮಧ್ವರಾಜ ಕಣ್ಣು ಮುಚ್ಚಿ ತೆರೆದ. ತೆರೆದಾಗ ಅಲ್ಲಿ ಗಂಡನಿರಲಿಲ್ಲ.

"ಪ್ರಭು, ಸಾಂಭರದ ಬಿಡಾರದಲ್ಲಿ ನನ್ನ ತಂದೆ ನನ್ನನ್ನು ನಿಮಗೆ ಒಪ್ಪಿಸಿದ. ನೀವು ಸ್ವೀಕರಿಸಿದಿರಿ. ಕೊಡುವವನನ್ನು ಕೇಳಿದಿರಿ, ಕೊಡಿಸಿದವರನ್ನು ಕೇಳಿದಿರಿ. ಕೊಡಲ್ಪಟ್ಟವಳನ್ನು ಒಂದು ಮಾತು ಕೇಳಿದಿರಾ?"

ಮುಕ್ತಾಳ ಮೊದಲ ಮಾತು ಹೊರಟದ್ದು ಸಣ್ಣದಾಗಿ, ಎರಡನೆಯದರಿಂದ ದನಿ ನೆಲ ಕಂಡಿತು.

"ಕೇಳಲಿಲ್ಲ ರಾಣಿ. ನಿನ್ನ ತಂದೆಯೂ ಕೇಳಲಿಲ್ಲ. ಅವನ ಮನೆಯ ಮಕ್ಕಳು ನನ್ನ ಸರದಾರನೊಬ್ಬನ ಕೈಯಲ್ಲಿ ಒತ್ತೆ ಇದ್ದರು. ಅವರನ್ನು ಬಿಡಿಸಿದೆ. ಅವನ ರಾಜ್ಯ ಅವನಿಗೇ ಉಳಿಯಿತು. ಬೆಲೆ ಕೊಟ್ಟವಳು ನೀನು ಎಂಬುದು ನಿಜ. ಆದರೆ ಆ ಕಾಲದ ಯಾವ ಸಿಂಹಾಸನ ಹೆಣ್ಣಿನ ಬೆಲೆ ತೆರದೆ ನಿಂತಿತ್ತು, ಒಂದನ್ನು ತೋರಿಸು. ನಿನ್ನ ಅಜ್ಜನ ಮನೆಯಲ್ಲಿ ತೋರಿಸು."

ಹಾಲಿನಲ್ಲಿ ಹೂಂ ಎಂಬ ಸದ್ದು ಎದ್ದಿತು. ಮಧ್ವರಾಜ ಬಿಡಲಿಲ್ಲ. ಆಗ್ರಾದ ಆ ಇನ್ನೊಬ್ಬನ ಹೆಂಡತಿಯ ಕಥೆ ಎತ್ತಿದ. ಅದನ್ನು ಎತ್ತಿದ ರೀತಿ ಎಂಥದ್ದೆಂದರೆ ಉಪ್ಪಿಟ್ಟಿಗೆ ಒಗ್ಗರಣೆ ಹಾಕುತ್ತಿದ್ದವರೂ ಸೌಟು ಹಿಡಿದೇ ಬಾಗಿಲಿಗೆ ಬಂದು ನಿಂತರು. "ಅಲ್ಲಿ ಯಾವ ಒಪ್ಪಂದವಿತ್ತು ಪ್ರಭು? ಯಾವ ಒತ್ತೆಯಾಳು?"

ಮುಕ್ತಾ ಬಳೆಯನ್ನು ಮೇಲಕ್ಕೆ ಸರಿಸಿಕೊಂಡಳು. "ಯಾವುದೂ ಇರಲಿಲ್ಲ. ಆಸೆ ಇತ್ತು, ಕೈಯಲ್ಲಿ ಅಧಿಕಾರವಿತ್ತು. ನನಗೆ ಆಗ ಇಪ್ಪತ್ತೊಂದು ವರ್ಷ. ವಯಸ್ಸಿನ ನೆವ ಹೇಳುವುದಿಲ್ಲ, ಅವಳಿಗೂ ವಯಸ್ಸಿತ್ತು. ಅದು ತಪ್ಪು."

ಭುಜಂಗ ಹಣೆ ಹಣೆ ಚಚ್ಚಿಕೊಂಡ. ತನ್ನ ಪಾತ್ರದ ತಪ್ಪನ್ನು ಹೀಗೆ ಬಾಯಿಬಿಟ್ಟು ಒಪ್ಪಿಕೊಂಡ ಅರ್ಥಧಾರಿಯನ್ನು ಅವನು ಕಂಡಿರಲಿಲ್ಲ. ಆದರೆ ಮುಕ್ತಾ ಅಲ್ಲಿಂದಲೇ ಏಣಿ ಹಾಕಿದಳು. "ಅದನ್ನು ಕೊಳೆತದ್ದರ ಗುಂಪಿಯಲ್ಲೇ ಇಡು ರಾಣಿ. ಆದರೆ ಚೀಲ ಇನ್ನೂ ಖಾಲಿಯಾಗಿಲ್ಲ." ಗುಲಾಮಗಿರಿಯ ಆಜ್ಞೆ ಬಂತು, ಮದುವೆಯ ವಯಸ್ಸು ಬಂತು, ಮಗಳಿಗೆ ಆಸ್ತಿಯಲ್ಲಿ ಕಡಿಮೆ ಪಾಲು ಬರುವುದು ಸರಿಯಲ್ಲ ಎಂದು ಬಾದಶಾಹ ಆಡಿದ ಮಾತು ಬಂತು. ಬಾಗಿ ತೊಡೆ ತಟ್ಟಿ ಪಕ್ಕದವರಿಗೆ ಹಿಂದಿಯಲ್ಲಿ ವಿವರಿಸುತ್ತಿದ್ದಳು, ಆ ಗುಂಪಿ ತನ್ನದೇ ಎಂದೂ ಹೇಳುತ್ತಿದ್ದಳು. ಚಿತೆಯ ಕಥೆ ಹೇಳುವಾಗ ಮುಕ್ತಾಳ ದನಿಯಲ್ಲಿ ಕುದುರೆಯ ಕಾಲಿನ ಸದ್ದು ಕೇಳಿಸಿತು.

ಮಧ್ವರಾಜ ಅದು ಮುಗಿಯುವವರೆಗೆ ಕಾದ. ಆಮೇಲೆ ಮೆಲ್ಲಗೆ ಕೇಳಿದ. "ಒಬ್ಬಳನ್ನು ಬಿಡಿಸಲು ಅಷ್ಟು ದೂರ ಕುದುರೆ ಓಡಿಸಿದ ಪ್ರಭುಗಳಿಗೆ, ಸ್ವಂತ ಒಳಮನೆಯ ಬಾಗಿಲು ತೆರೆಯಲು ನಾಲ್ಕು ಹೆಜ್ಜೆ ನಡೆಯಲಾಗಲಿಲ್ಲವೇ?"

ಚಪ್ಪಾಳೆ ಬಿತ್ತು. ಇದು ಸೋತುಕೊಡುವವನ ಪ್ರಶ್ನೆಯಲ್ಲ. ಭಯವಾಗಬೇಕಿತ್ತು, ಆದರೆ ಮುಕ್ತಾಳಿಗೆ ಎಷ್ಟು ಖುಷಿಯಾಯಿತೆಂದರೆ ನಗು ತಡೆಯಲು ತುಟಿ ಕಚ್ಚಿಕೊಳ್ಳಬೇಕಾಯಿತು.

"ಹೊರಗಿನ ಬೆಂಕಿ ಕಣ್ಣಿಗೆ ಕಾಣುತ್ತದೆ ರಾಣಿ. ಸ್ವಂತ ಮನೆಯ ಬಾಗಿಲು ಕಾಣುವುದಿಲ್ಲ. ಕಂಡಾಗ ವಯಸ್ಸಾಗಿತ್ತು. ಈ ಬುದ್ಧಿ ಮೊದಲೇ ಬಂದಿದ್ದರೆ ನನ್ನ ರಾಜ್ಯದ ಹೆಣ್ಣುಗಳನ್ನು ಒಳಮನೆಗೆ ತರುತ್ತಿರಲಿಲ್ಲ ಎಂದು ನಾನೇ ಹೇಳಿದ್ದೇನೆ, ಪ್ರಜೆಗಳು ಮಕ್ಕಳಲ್ಲವೇ ಎಂದು. ತಡವಾಗಿ ಹೇಳಿದೆ. ಆದರೆ ಹೇಳದೆ ಸತ್ತ ಅರಸರು ಎಷ್ಟು ಮಂದಿ, ಎಣಿಸು."

ಆಗ ಮಧ್ವರಾಜ ತನ್ನ ಕೊನೆಯ ಬಾಣ ತೆಗೆದ. ಹತ್ತು ದಿನ ಒಂದೇ ಮನೆಯಲ್ಲಿ ಬಚ್ಚಿಟ್ಟುಕೊಂಡದ್ದು.

"ಕೊನೆಯ ಪ್ರಶ್ನೆ ಪ್ರಭು. ನಿಮ್ಮ ಆಸ್ಥಾನದವರು ಎಲ್ಲವನ್ನೂ ಬರೆದಿಟ್ಟರು. ನೀವು ಏರಿದ ಆನೆಯ ಹೆಸರು ಹವಾಯ್ ಎಂದು ಬರೆದಿಟ್ಟರು. ನಾನು ನಿಮ್ಮ ರಾಣಿ, ನಿಮ್ಮ ಸಿಂಹಾಸನಕ್ಕೆ ಮಗನನ್ನು ಹೆತ್ತವಳು. ಇಂಥವನ ಮಗಳು ಎಂದು ಬರೆದರು, ಇಂಥವನ ತಾಯಿ ಎಂದು ಬರೆದರು, ಬಿರುದು ಬರೆದರು. ನನ್ನ ಹೆಸರು ಬರೆಯಲಿಲ್ಲ. ಆಮೇಲಿನವರು ಒಬ್ಬೊಬ್ಬರು ಒಂದೊಂದು ಹೆಸರಿಟ್ಟುಕೊಂಡರು. ಆನೆಗಿದ್ದ ಹೆಸರು ನನಗೇಕಿಲ್ಲ?"

ಮುಕ್ತಾ ಎಷ್ಟೆಲ್ಲ ಓದಿದ್ದಳು, ಇದನ್ನು ಗಮನಿಸಿರಲಿಲ್ಲ. ಟಿವಿಯಲ್ಲಿ ದಿನಾ ಕೇಳುವ ಹೆಸರನ್ನೇ ನಿಜವೆಂದುಕೊಂಡು ಇದ್ದುಬಿಟ್ಟಿದ್ದಳು. ಸಂಜನಾ ಬಾಯಿಗೆ ಕೈ ಹಿಡಿದಳು. ಮಧ್ವರಾಜನ ಕಣ್ಣಲ್ಲಿ ಕನಿಕರ ಇದೆಯೇ ಎಂದು ಮುಕ್ತಾ ಹುಡುಕಿದಳು. ಒಂದು ಚೂರೂ ಇರಲಿಲ್ಲ.

ಉತ್ತರ ಹುಡುಕುತ್ತ ಅವಳ ಕಣ್ಣು ಸಭೆಯ ಮೇಲೆ ಹೋಯಿತು. ಸೆಕೆಗೆ ಎಲ್ಲರೂ ಸಂಘದ ಗುಲಾಬಿ ಬಣ್ಣದ ಕರಪತ್ರದಿಂದ ಗಾಳಿ ಹಾಕಿಕೊಳ್ಳುತ್ತಿದ್ದರು. ಮುಂದಿನ ಸಾಲಿನಲ್ಲಿ ಭುಜಂಗನ ತೊಡೆಯ ಮೇಲೆ ಒಂದು ಅಗಲವಾಗಿ ಬಿಚ್ಚಿ ಬಿದ್ದಿತ್ತು. ಅದರ ನಡುವೆ ದಪ್ಪ ಅಕ್ಷರದಲ್ಲಿ: ಅರ್ಥಧಾರಿಗಳು, ಶ್ರೀ ಮಧ್ವರಾಜ ಉಪಾಧ್ಯಾಯ, ಶ್ರೀಮತಿ ಮಧ್ವರಾಜ ಉಪಾಧ್ಯಾಯ. ಅಚ್ಚಿಗೆ ಹೋಗುವ ಮೊದಲು ಅದನ್ನು ಎರಡು ಸಲ ತಿದ್ದಿದವನು ಮಧ್ವರಾಜನೇ. ಮನೆಯಲ್ಲಿ ಅವಳೂ ನೋಡಿದ್ದಳು. ನೋಡಿ, ಬಣ್ಣ ಚೆನ್ನಾಗಿದೆ ಎಂದಿದ್ದಳು.

"ರಾಣಿ," ಎಂದಳು ಮುಕ್ತಾ. ದನಿ ತಾನಾಗಿ ತಗ್ಗಿತ್ತು. "ನಿನ್ನ ಹೆಸರು ನನಗೆ ಗೊತ್ತು. ಬರೆಸಬೇಕು ಎಂದು ತೋಚಲಿಲ್ಲ. ಮರೆತಿದ್ದರೆ ಕ್ಷಮೆ ಕೇಳಬಹುದಿತ್ತು. ತೋಚದೇ ಇರುವುದು ಅದಕ್ಕಿಂತ ದೊಡ್ಡ ತಪ್ಪು. ನನ್ನ ಲೆಕ್ಕಕ್ಕೇ ಇರಲಿ. ಆದರೆ ನನ್ನನ್ನು ತೂಗಲು ಬರುವವರನ್ನೂ ಒಮ್ಮೆ ನೋಡು. ನಾಲ್ಕುನೂರ ಐವತ್ತು ವರ್ಷ ಕಳೆದ ಮೇಲೆ, ನನ್ನಂತೆ ಅಕ್ಷರ ಬಾರದವರಲ್ಲ, ಓದಿದವರು, ಒಬ್ಬಳನ್ನೇ ಕಟ್ಟಿಕೊಂಡವರು, ಒಂದು ಕಾಗದ ಅಚ್ಚು ಹಾಕಿಸುತ್ತಾರಂತೆ. ಗುಲಾಬಿ ಬಣ್ಣದ ಕಾಗದ. ಅದರಲ್ಲಿ ಇಬ್ಬರ ಹೆಸರಿರುತ್ತದಂತೆ. ಒಂದು ಗಂಡನ ಹೆಸರು. ಇನ್ನೊಂದೂ ಗಂಡನ ಹೆಸರೇ."

ಗಾಳಿ ಹಾಕುತ್ತಿದ್ದ ಕೈಗಳೆಲ್ಲ ನಿಂತವು. ಮೊದಲು ಹೆಂಗಸರ ಕಡೆ ಕರಪತ್ರಗಳು ಸರಸರ ಬಿಚ್ಚಿಕೊಂಡವು. ಮೊದಲ ನಗು ಬಾಗಿಯದು, ಕಿಟಕಿಯ ಗಾಜು ನಡುಗುವಂಥದು. ಅದು ಸಾಲಿನಿಂದ ಸಾಲಿಗೆ ಹರಿಯಿತು. ಗಂಡಸರ ಕಡೆ ಒಬ್ಬ, ಇಬ್ಬರು, ಆಮೇಲೆ ಎಲ್ಲರೂ. ಕನ್ನಡ ಬಾರದ ಇಬ್ಬರೂ ಕರಪತ್ರ ಯಾರಿಂದಲೋ ಓದಿಸಿಕೊಂಡು ನಕ್ಕರು. ಸೌಟು ಹಿಡಿದವರು ಸೌಟಿನಿಂದಲೇ ಬಾಗಿಲು ಬಡಿದರು.

"ಅವರು ಕೆಟ್ಟವರಲ್ಲ," ಎಂದು ಮುಕ್ತಾ ಮುಂದುವರಿಸಿದಳು. "ಅವರಿಗೂ ತೋಚಲಿಲ್ಲ. ನನ್ನನ್ನು ಬಿಡುಗಡೆ ಮಾಡಬೇಡ ರಾಣಿ. ತಕ್ಕಡಿ ಹಿಡಿಯುವವರು ತಾವೂ ಒಮ್ಮೆ ಅದರಲ್ಲಿ ಕೂತು ಇಳಿದು ಬರಲಿ. ಆಮೇಲೆ ನನ್ನನ್ನು ತೂಗಲಿ. ಎಷ್ಟು ತೂಗಿದರೆ ಅಷ್ಟು."

ಈಗ ರಾಣಿಯ ಸರದಿ. ಮಧ್ವರಾಜ ಬಾಯಿ ತೆರೆದ. ಮುಚ್ಚಿದ. ಮತ್ತೆ ತೆರೆದ. ಅವನ ಕಿವಿ ಕೆಂಪಾಯಿತು, ಕತ್ತು ಕೆಂಪಾಯಿತು. ಸಭೆ ಕಾಯಿತು. ಮಾಪಣ್ಣ ಬೆರಳಲ್ಲಿ ಜಾಗಟೆ ತಿರುಗಿಸುತ್ತ ಅರ್ಧ ನಿಮಿಷ ಕಾದರು. ಮಾತು ಬರಲಿಲ್ಲ. ಕೊನೆಗೆ ಅವರೇ ಮುಂದಿನ ಪದ್ಯ ಎತ್ತಿಕೊಂಡು ಮಂಗಳ ಹಾಡಿಬಿಟ್ಟರು.

ಜನ ಮುಕ್ತಾಳನ್ನು ಮುತ್ತಿದರು. ಭುಜಂಗ ಚೀಟಿಯಲ್ಲಿ ದೊಡ್ಡದಾಗಿ ಬರೆದು ತೋರಿಸಿದ: ಮುಂದಿನ ವರ್ಷವೂ. ಬಾಗಿ ಅವಳ ಕೆನ್ನೆ ಹಿಂಡಿದಳು. "ಅಪ್ಪಾ ಕೋ ತೋ ಹ್ಯಾಂಗ್ ಕರ್ ದಿಯಾ, ಕಂಪ್ಯೂಟರ್ ಜೈಸಾ," ಎಂದು ಸಂಜನಾ ಕುಣಿದಳು.

ಮುಕ್ತಾ ನಕ್ಕಳು, ಕೈ ಮುಗಿದಳು, ಉಪ್ಪಿಟ್ಟು ತಿಂದಳು. ಆದರೆ ಒಳಗೆ ಒಂದು ಮುಳ್ಳು. ಮಧ್ವರಾಜ ಇಪ್ಪತ್ತೈದು ವರ್ಷದಲ್ಲಿ ಯಾರ ಎದುರೂ ಮಾತಿಲ್ಲದೆ ಕೂತವನಲ್ಲ. ಆ ಅರ್ಧ ನಿಮಿಷ ನಿಜವೋ, ಹಳೆಯ ನಗು ಬಿಟ್ಟ ಹೊಸ ನಾಟಕವೋ? ರಿಕ್ಷಾದಲ್ಲಿ ಅವನ ಮುಖ ನೋಡಿದಳು. ಗಲ್ಲಾದಲ್ಲಿ ಕೂತು ಪಳಗಿದ ಮುಖ, ಏನೂ ತಿಳಿಯಲಿಲ್ಲ.

"ಬಿಟ್ಟುಕೊಟ್ರಾ?" ಎಂದು ಕೇಳಿಯೇಬಿಟ್ಟಳು.

"ಸ್ವಲ್ಪ ಸುಮ್ನಿರು ಮಾರಾಯ್ತಿ, ಯೋಚನೆ ಮಾಡ್ತಿದ್ದೇನೆ," ಎಂದು ಅವನು ರೇಗಿದ.

ಸೋಮವಾರ ಹನ್ನೊಂದೂವರೆಗೆ ಅವಳ ಆಫೀಸಿಗೆ ಫೋನು ಬಂತು. ಹಿಂದೆ ಹೋಟೆಲಿನ ಗದ್ದಲ. "ಮುಕ್ತಾ, ಸಿಕ್ಕಿತು! ಅದು ಅಚ್ಚಿನವನ ತಪ್ಪು ಅಂತ ರಾಣಿ ಹೇಳ್ಬಹುದಿತ್ತು."

"ನಾನು ಆಸ್ಥಾನದ ಬರಹಗಾರನ ಮೇಲೆ ಹಾಕಿದ್ನಾ?"

ಆ ಕಡೆ ಒಂದು ನಿಟ್ಟುಸಿರು. ಫೋನು ಕಟ್ಟಾಯಿತು.

ಮಂಗಳವಾರ ಸಂಜೆ ಲೋಕಲಿನಲ್ಲಿದ್ದಾಗ ಮತ್ತೆ ಬಂತು. ಬಾಗಿ ಕಸಿದುಕೊಂಡು ಸ್ಪೀಕರ್ ಹಾಕಿದಳು. "ಕೇಳು," ಎಂದ ಮಧ್ವರಾಜ, ದನಿಯಲ್ಲಿ ಉತ್ಸಾಹ ಉಕ್ಕುತ್ತಿತ್ತು. "ಆ ಕಾಗದ ಬೇರೆ ಕಾಲದ್ದು. ಅದು ನಿನ್ನ ವಿಚಾರಣೆಗೆ ಸಾಕ್ಷಿಯೇ ಆಗುವುದಿಲ್ಲ. ಹೀಗೆ ಹೇಳಿದ್ರೆ ಏನು ಮಾಡ್ತಿದ್ದಿ?"

ಮುಕ್ತಾ ಬಾಯಿ ತೆರೆಯುವ ಮೊದಲೇ ಬಾಗಿ ಉತ್ತರಿಸಿದಳು. "ಅಣ್ಣಾರ, ಬ್ಯಾರೆ ಕಾಲದ ತಕ್ಕಡಿ ತಂದು ತೂಗಾಕ ಕುಂತವರು ಯಾರ್ರೀ? ನೀವ ಅಲ್ಲೇನು?"

ಡಬ್ಬಿ ಹೋ ಎಂದಿತು. ಬಟಾಣಿ ಉರುಳಿ ಬಾಗಿಲವರೆಗೆ ಹೋದವು. "ಯಾರು ಅವರು?" ಎಂದು ಕ್ಷೀಣವಾಗಿ ಕೇಳಿ ಮಧ್ವರಾಜ ಫೋನಿಟ್ಟ.

ಬುಧವಾರ ಮಧ್ಯಾಹ್ನ ಫೋನು ಮಾಡಿದವರು ಹೋಟೆಲಿನ ಅಡುಗೆ ಭಟ್ಟರು. ಮಾಲೀಕರು ಒಲೆಯ ಮುಂದೆ ನಿಂತು ತಮ್ಮಷ್ಟಕ್ಕೆ ಏನೋ ಗೊಣಗುತ್ತ ಮೂವತ್ತು ಲೀಟರ್ ಸಾಂಬಾರು ಅಡಿ ಹಿಡಿಸಿದ್ದಾರೆ, ಮನೆಯಲ್ಲಿ ಎಲ್ಲ ಕ್ಷೇಮವಷ್ಟೆ, ಎಂದು ವಿಚಾರಿಸಿದರು. ಹಿಂದಿನಿಂದ ಮಧ್ವರಾಜನ ದನಿ ಕೇಳಿಸಿತು. "ಇಲ್ಲ ಮುಕ್ತಾ, ಏನೂ ಸಿಗುವುದಿಲ್ಲ! ಅದಕ್ಕೆ ಉತ್ತರವೇ ಇಲ್ಲ!"

ಮುಕ್ತಾ ಆಫೀಸಿನ ಕುರ್ಚಿಯಲ್ಲಿ ಹಿಂದಕ್ಕೆ ಒರಗಿ, ಪಕ್ಕದ ಟೇಬಲಿನವರು ತಿರುಗಿ ನೋಡುವಷ್ಟು ನಕ್ಕಳು.

ಎದುರು ಕೂತ ದಿನ ಮಧ್ವರಾಜ ಒಂದು ಮಾತೂ ಬಿಟ್ಟುಕೊಟ್ಟಿರಲಿಲ್ಲ. ಕೊಟ್ಟ ಮಾತನ್ನು ಉಳಿಸಿಕೊಂಡಿದ್ದ.